ಗೋವಾ ತಿಳಿಯಬೇಕಾದರೆ ಮಾಂಡವಿಯ ಫೆರ್ರಿ ಹತ್ತಿ

ಗೋವಾದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೀಚಲ್ಲ, ಹೋಟೆಲಲ್ಲ. ಮಾಂಡವಿ ನದಿ ದಾಟಿಸುವ ಸರ್ಕಾರಿ ಫೆರ್ರಿ. ಹೋಟೆಲು, ರೆಸಾರ್ಟುಗಳ ಬಗ್ಗೆ ಬೇಕಾದಷ್ಟು ಜನ ಬರೆಯುತ್ತಾರೆ. ಫೆರ್ರಿ ಬಗ್ಗೆ ಬರೆಯುವವರು ಕಡಿಮೆ, ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಾನು ಕುಮಟಾ ತಾಲೂಕಿನವಳು, ಅಘನಾಶಿನಿ ದಂಡೆಯ ಊರು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಅಕ್ಕನ ಮಗ ಪಣಜಿಯಲ್ಲಿ ಕೆಲಸಕ್ಕಿರುವುದರಿಂದ ರಜೆ ಸಿಕ್ಕಾಗೆಲ್ಲ ಗೋವಾಕ್ಕೆ ಹೋಗುವುದು ರೂಢಿಯಾಗಿದೆ. ಕುಮಟಾದಲ್ಲಿ ರೈಲು ಹತ್ತಿ ಮಡಗಾಂವಿನಲ್ಲಿ ಇಳಿದರೆ ಪಣಜಿಗೆ ಕದಂಬ ಬಸ್ಸು ಸಿಗುತ್ತದೆ. ಹೌದು, ಗೋವಾ ಸರ್ಕಾರದ ಬಸ್ಸಿನ ಹೆಸರೇ ಕದಂಬ. ಆ ಹೆಸರು ಯಾಕೆ ಬಂತು ಅನ್ನುವುದನ್ನು ಮುಂದೆ ಹೇಳುತ್ತೇನೆ, ಅದಕ್ಕೂ ಒಂದು ಫೆರ್ರಿಗೂ ಸಂಬಂಧ ಇದೆ.

ಮೊದಲು ಸೇವೆ ಹೇಗಿದೆ ನೋಡಿ. ತಳ ಚಪ್ಪಟೆ ಇರುವ ಕಬ್ಬಿಣದ ದೋಣಿ. ಮುಂದೆ ಅಗಲವಾದ ಹಲಗೆ. ದಡ ಮುಟ್ಟಿದ ಕೂಡಲೇ ಅದನ್ನು ಸರಪಳಿಯಲ್ಲಿ ಇಳಿಸುತ್ತಾರೆ. ನಡೆದು ಬಂದವರು, ಸ್ಕೂಟರಿನವರು, ಕಾರಿನವರು ಎಲ್ಲರೂ ಅದರ ಮೇಲೇ ಹತ್ತಬೇಕು, ಇಳಿಯಬೇಕು. ನಡೆದು ಹತ್ತುವವರಿಗೆ ದುಡ್ಡಿಲ್ಲ, ಚೀಟಿಯೂ ಇಲ್ಲ. ಕಾರಿಗೆ ಅಲ್ಪಸ್ವಲ್ಪ ತೆಗೆದುಕೊಳ್ಳುತ್ತಾರೆ. ಆಚೆ ದಡ ಸೇರಲು ಹತ್ತು ನಿಮಿಷವೂ ಬೇಕಾಗುವುದಿಲ್ಲ. ಒಂದು ಹೋದರೆ ಇನ್ನೊಂದು ಬರುತ್ತದೆ, ಹಾಗಾಗಿ ಹಗಲಿನಲ್ಲಿ ವೇಳಾಪಟ್ಟಿ ನೋಡಿಕೊಂಡು ಹೊರಡಬೇಕು ಅಂತಿಲ್ಲ. ದೋಣಿ ನಡೆಸುವವರ ಕೈಚಳಕ ಮೆಚ್ಚಲೇಬೇಕು. ಇಳಿತದ ಸೆಳೆತ ಜೋರಾಗಿದ್ದಾಗ ನೇರವಾಗಿ ಆಚೆ ದಡಕ್ಕೆ ಗುರಿ ಇಟ್ಟರೆ ಆಗುವುದಿಲ್ಲ. ಮೇಲಿನ ಕಡೆಗೆ ಓರೆಯಾಗಿ ಹೊರಟು, ನೀರು ತಳ್ಳಿದಷ್ಟು ತಳ್ಳಿಸಿಕೊಂಡು, ಸರಿಯಾಗಿ ಇಳಿಜಾರಿಗೆ ತಂದು ನಿಲ್ಲಿಸುತ್ತಾರೆ. ನಮ್ಮೂರಿನ ತಾರಿಯವರೂ ಹೀಗೆಯೇ ದಾಟಿಸುತ್ತಿದ್ದರು, ಅದಕ್ಕೇ ಬೇಗ ಕಣ್ಣಿಗೆ ಬಿತ್ತು.

ನಕ್ಷೆ ತೆಗೆದರೆ ಈ ಫೆರ್ರಿಗಳು ಯಾಕೆ ಬೇಕು ಅನ್ನುವುದು ತಿಳಿಯುತ್ತದೆ. ಗೋವಾ 3,702 ಚದರ ಕಿಲೋಮೀಟರಿನ ರಾಜ್ಯ. ದೇಶದಲ್ಲೇ ಚಿಕ್ಕದು, ನಮ್ಮ ಉತ್ತರ ಕನ್ನಡ ಜಿಲ್ಲೆಯೇ ಅದಕ್ಕಿಂತ ಎಷ್ಟೋ ದೊಡ್ಡದು. ಇಷ್ಟು ಚಿಕ್ಕ ನೆಲವನ್ನು ಘಟ್ಟದಿಂದ ಇಳಿದ ನದಿಗಳು ಅಡ್ಡಡ್ಡ ಸೀಳಿವೆ. ಅವುಗಳಲ್ಲಿ ದೊಡ್ಡವು ಎರಡು, ಮಾಂಡವಿ ಮತ್ತು ಜುವಾರಿ. ಮಾಂಡವಿ ಅಂದರೆ ನಮ್ಮ ಮಹದಾಯಿ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಿನಲ್ಲಿ ಹುಟ್ಟಿ ಇಲ್ಲಿ ಸಮುದ್ರ ಸೇರುತ್ತದೆ. ಈ ಎರಡು ನದಿಗಳನ್ನು ಒಳಗಡೆ ಕುಂಬಾರಜುವೆ ಕಾಲುವೆ ಜೋಡಿಸುತ್ತದೆ. ಅಂದರೆ ಪಣಜಿ, ಹಳೆ ಗೋವಾ ಇರುವ ತಿಸವಾಡಿ ತಾಲೂಕಿಗೆ ಸುತ್ತ ಎಲ್ಲ ಕಡೆ ನೀರು. ಅದೊಂದು ದ್ವೀಪ. ಅದರ ಪಕ್ಕದಲ್ಲೇ ಮಾಂಡವಿಯ ನಡುವೆ ಚೊಡಣ, ದಿವಾರ್ ಅನ್ನುವ ಇನ್ನೆರಡು ದ್ವೀಪಗಳಿವೆ. ಪೋರ್ಚುಗೀಸರು 1510ರಲ್ಲಿ ಗೆದ್ದು ಕೂತದ್ದು ಈ ದ್ವೀಪಗಳ ಗುಂಪಿನಲ್ಲಿ. ನದಿಯೇ ಅವರ ಕೋಟೆಯ ಕಂದಕವಾಗಿತ್ತು. ಇಷ್ಟು ಗೊತ್ತಿದ್ದರೆ ಪ್ರತಿ ದಾಟೂ ಬೇರೆ ಥರ ಕಾಣುತ್ತದೆ.

ಪಣಜಿ–ಬೆತಿ ಫೆರ್ರಿಯಿಂದ ಶುರು ಮಾಡಿ. ಹತ್ತುವ ಜಾಗಕ್ಕೆ ಹತ್ತಿರದಲ್ಲೇ ಆದಿಲ್ ಶಾಹಿ ಅರಮನೆ ಇದೆ. ಬಿಜಾಪುರದ ಯೂಸುಫ್ ಆದಿಲ್ ಶಾಹನ ಕಾಲದ್ದು. ಮುಂದೆ ಪೋರ್ಚುಗೀಸ್ ವೈಸರಾಯರ ಮನೆಯಾಯಿತು, ಆಮೇಲೆ ಸಚಿವಾಲಯವಾಯಿತು. 2000ದಲ್ಲಿ ಪರ್ವರಿಯ ಹೊಸ ಕಟ್ಟಡಕ್ಕೆ ಹೋಗುವ ತನಕ ಗೋವಾದ ವಿಧಾನಸಭೆ ನಡೆದದ್ದೂ ಇಲ್ಲೇ. ದೋಣಿ ಹೊರಟ ಮೇಲೆ ಸಮುದ್ರದ ಕಡೆ ನಿಂತು ನೋಡಿ. ಎಡಕ್ಕೆ ಪಣಜಿ, ಬಲಕ್ಕೆ ಬೆತಿ, ಅದರ ಆಚೆ ರೇಯಿಸ್ ಮಾಗೂಸ್ ಕೋಟೆ. 1510ರ ಮಳೆಗಾಲದಲ್ಲಿ ಪೋರ್ಚುಗೀಸ್ ಸೇನಾಪತಿ ಆಲ್ಬುಕರ್ಕನ ಹಡಗುಗಳು ಸಿಕ್ಕಿಹಾಕಿಕೊಂಡದ್ದು ಈ ನೀರಿನಲ್ಲಿ. ಆ ವರ್ಷದ ಆರಂಭದಲ್ಲಿ ಅವನು ಗೋವಾವನ್ನು ಸುಲಭವಾಗಿ ಹಿಡಿದಿದ್ದ. ಮೇ ತಿಂಗಳಲ್ಲಿ ಆದಿಲ್ ಶಾಹಿ ಸೈನ್ಯ ಬಂದು ಅವನನ್ನು ಊರಿನಿಂದ ಓಡಿಸಿತು. ಹಡಗು ಹತ್ತಿ ಸಮುದ್ರಕ್ಕೆ ಹೋಗೋಣ ಅಂದರೆ ಮಳೆಗಾಲ ಶುರುವಾಗಿ ನದಿ ಬಾಯಿ ದಾಟಲು ಆಗಲಿಲ್ಲ. ಎರಡೂ ದಡದಲ್ಲಿ ಶತ್ರುಗಳು, ಮುಂದೆ ಕೆರಳಿದ ಸಮುದ್ರ. ವಾರಗಟ್ಟಲೆ ಹಸಿವಿನಲ್ಲಿ ಕಾದರು. ಆಗಸ್ಟ್ ಹೊತ್ತಿಗೆ ಹೇಗೋ ಹೊರಬಿದ್ದ ಆಲ್ಬುಕರ್ಕ ನವೆಂಬರ್ 25ರಂದು ಮತ್ತೆ ಬಂದು ಊರು ಗೆದ್ದ.

ಅವನಿಗೆ ಗೋವಾ ಹಿಡಿ ಅಂತ ಸಲಹೆ ಕೊಟ್ಟವನು, ಜೊತೆಗೆ ನಿಂತವನು ಯಾರು? ನಮ್ಮ ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮೋಜ. ಪೋರ್ಚುಗೀಸರ ದಾಖಲೆಗಳಲ್ಲಿ ತಿಮೋಜಾ ಅಂತ ಬರುತ್ತಾನೆ. ವಿಜಯನಗರಕ್ಕೆ ಅರಬ್ಬೀ ಕುದುರೆ ಬೇಕಿತ್ತು, ಆ ಕುದುರೆ ಇಳಿಯುವ ಬಂದರು ಬಿಜಾಪುರದ ಕೈಯಲ್ಲಿತ್ತು, ನಡುವೆ ಸಮುದ್ರದಲ್ಲಿ ತಿಮ್ಮೋಜನ ಹಡಗುಗಳಿದ್ದವು. ಪಾಠದಲ್ಲಿ ಇದು ಒಂದು ಸಾಲಿನಲ್ಲಿ ಮುಗಿಯುತ್ತದೆ, ಕೆಲವೊಮ್ಮೆ ಆ ಒಂದು ಸಾಲೂ ಇರುವುದಿಲ್ಲ. ಕುಮಟಾ, ಹೊನ್ನಾವರದ ಮಕ್ಕಳನ್ನು ಈ ಫೆರ್ರಿಯ ಮೇಲೆ ನಿಲ್ಲಿಸಿ ಈ ಕತೆ ಹೇಳಬೇಕು ಅನ್ನುವುದು ನನ್ನ ಆಸೆ.

ತಲೆಯ ಮೇಲೆ, ಸ್ವಲ್ಪ ಪೂರ್ವಕ್ಕೆ ಸೇತುವೆಗಳ ಸಾಲು ಕಾಣುತ್ತದೆ. 1986ರ ಜುಲೈನಲ್ಲಿ ಮಾಂಡವಿಯ ಮೊದಲ ದೊಡ್ಡ ಸೇತುವೆ ಕುಸಿದು ಬಿತ್ತು. ಹೊಸದು ಬಂದದ್ದು 1992ರಲ್ಲಿ. ನಡುವಿನ ವರ್ಷಗಳಲ್ಲಿ ಪಣಜಿಯನ್ನೂ ಉತ್ತರ ಗೋವಾವನ್ನೂ ಬಿಟ್ಟುಹೋಗದಂತೆ ಹಿಡಿದದ್ದರಲ್ಲಿ ಈ ಬೆತಿ ಫೆರ್ರಿಯ ಪಾಲು ದೊಡ್ಡದು. ಈಗ 2019ರ ಅಟಲ್ ಸೇತುವೂ ಸೇರಿ ಸೇತುವೆಗಳಿಗೆ ಬರವಿಲ್ಲ. ಆದರೂ ಬೆತಿಯ ಮೀನು ಮಾರುವ ಹೆಂಗಸರು, ಪಣಜಿಯ ಅಂಗಡಿ, ಆಫೀಸುಗಳಿಗೆ ಹೋಗುವವರು ಬೆಳಗ್ಗೆ ಫೆರ್ರಿಯನ್ನೇ ಹತ್ತುತ್ತಾರೆ. ಅವರ ನಡುವೆ ಕನ್ನಡ ಕಿವಿಗೆ ಬೀಳದ ದಿನ ಕಡಿಮೆ. ಬಾಗಲಕೋಟೆ, ವಿಜಯಪುರ, ಗದಗ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು. ಒಮ್ಮೆ ಬುತ್ತಿ ಗಂಟು ಹಿಡಿದ ಅಜ್ಜಿಯೊಬ್ಬರು ‘ನೀವು ಯಾ ಕಡೆಯವ್ರು ತಂಗಿ?’ ಅಂತ ಮಾತಿಗೆ ತೊಡಗಿದರು. ಕುಮಟಾ ಅಂದೆ. ‘ಹಂಗಾರ ಸಮುದ್ರ ನಿಮಗ ಹೊಸದಲ್ಲ ಬಿಡ್ರಿ’ ಅಂದರು. ಮಗ, ಸೊಸೆ ಇಬ್ಬರೂ ಗಾರೆ ಕೆಲಸಕ್ಕೆ ಇಲ್ಲೇ ಇದ್ದಾರಂತೆ. ಇವತ್ತಿನ ಗೋವಾದ ಎಷ್ಟೋ ಗೋಡೆಗಳನ್ನು ಎಬ್ಬಿಸಿದ ಕೈ ಈ ಜನರದ್ದು.

ಇನ್ನು ಸಂಜೆ ಇದೇ ನೀರಿನಲ್ಲಿ ಟಿಕೆಟ್ ತೆಗೆದುಕೊಂಡು ಹೋಗುವ ಪ್ರವಾಸಿ ದೋಣಿಗಳೂ ಇವೆ. ಒಂದರಲ್ಲಿ ಹೋಗಿದ್ದೆ, ಹೆಸರು ಬೇಡ. ಹತ್ತಿದಾಗಿನಿಂದ ಇಳಿಯುವ ತನಕ ಕಿವಿ ಕಿವುಡಾಗುವಷ್ಟು ಹಾಡು. ಯಾವ ಕೋಟೆ, ಯಾವ ದಡ, ಒಂದು ಮಾತಿಲ್ಲ. ಕೇಳಿದರೂ ಉತ್ತರವಿಲ್ಲ. ಮಕ್ಕಳಿಗೆ ಕುಣಿಯಲು ಖುಷಿ, ಅದು ಸರಿ. ನದಿ ನೋಡಬೇಕು ಅನ್ನುವವರಿಗೆ ಆ ದುಡ್ಡು ದಂಡ.

ಪಣಜಿಯಿಂದ ರಿಬಂದರಿಗೆ ಹೋಗುವ ರಸ್ತೆಯನ್ನೂ ಗಮನಿಸಿ. ಸುಮಾರು 3 ಕಿಲೋಮೀಟರ್ ಉದ್ದದ ಈ ಕಲ್ಲಿನ ದಾರಿಯನ್ನು 1630ರ ದಶಕದಲ್ಲಿ ವೈಸರಾಯ್ ಲಿನ್ಯಾರೆಸ್ ಕೌಂಟ್ ಕಟ್ಟಿಸಿದ. ಒಂದು ಕಡೆ ನದಿ, ಇನ್ನೊಂದು ಕಡೆ ಉಪ್ಪಿನ ಆಗರ. ಗೋಕರ್ಣದ ಹತ್ತಿರದ ಸಾಣಿಕಟ್ಟಾ ನೋಡಿದವರಿಗೆ ಇಲ್ಲಿ ವಿವರಿಸಬೇಕಾದ್ದೇ ಇಲ್ಲ. ಅದೇ ಚೌಕ ಚೌಕದ ಮಡಿ, ಅದೇ ಬಿಸಿಲು. ನಾಲ್ಕು ನೂರು ವರ್ಷ ಹತ್ತಿರವಾದ ದಾರಿಯ ಮೇಲೆ ಇವತ್ತೂ ಬಸ್ಸು ಓಡುತ್ತದೆ.

ರಿಬಂದರಿನಿಂದ ಚೊಡಣಕ್ಕೆ ಹೋಗುವ ಫೆರ್ರಿಯಲ್ಲಿ ಜನ ಜಾಸ್ತಿ. 2025ರಿಂದ ಇಲ್ಲಿ ರೋ-ರೋ ಅನ್ನುವ, ಗಾಡಿ ಓಡಿಸಿಕೊಂಡೇ ಹತ್ತಿ ಇಳಿಯುವ ದೊಡ್ಡ ದೋಣಿಗಳೂ ಓಡುತ್ತಿವೆ. ಕಾರುಗಳ ಸಾಲು ಬೇಗ ಕರಗುತ್ತದೆ. ಚೊಡಣದಲ್ಲಿ ಇಳಿದ ಕೂಡಲೇ ಎಡಕ್ಕೆ ಸಿಗುವುದು ಸಲೀಂ ಅಲಿ ಪಕ್ಷಿಧಾಮ. ಬರೀ 1.8 ಚದರ ಕಿಲೋಮೀಟರ್, ಪೂರ್ತಿ ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಕಾಡು. ಭರತದಲ್ಲಿ, ಅಂದರೆ ಸಮುದ್ರದ ನೀರು ಏರಿದಾಗ, ದೋಣಿಯಲ್ಲಿ ಒಳಗೆ ಹೋಗಬಹುದು, ಇಳಿತದಲ್ಲಿ ಬರೀ ಕೆಸರು. ಹಾಗಾಗಿ ಹೋಗುವ ಮೊದಲು ಭರತದ ಹೊತ್ತು ನೋಡಿಕೊಳ್ಳಿ. ಬೆಳ್ಳಕ್ಕಿ, ಮಿಂಚುಳ್ಳಿ, ಕೆಸರಿನ ಮೇಲೆ ಜಿಗಿಯುವ ಮೀನು ಎಲ್ಲವೂ ಕಾಣುತ್ತವೆ.

ಆದರೆ ಚೊಡಣದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಕ್ಷಿಯಲ್ಲ, ಗದ್ದೆ. ರಸ್ತೆಯ ಎರಡೂ ಬದಿಗೆ ಮಟ್ಟವಾದ ತಗ್ಗು ಬಯಲು, ಅಂಚಿಗೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ಹಲಗೆ ಬಾಗಿಲು. ಗೋವಾದಲ್ಲಿ ಇದಕ್ಕೆ ಖಾಜನ್ ಅನ್ನುತ್ತಾರೆ. ನಮ್ಮ ಕಡೆ ಗಜನಿ. ನದಿ ಬಾಯಿಯ ಉಪ್ಪುನೀರು ನುಗ್ಗುವ ನೆಲವನ್ನು ಒಡ್ಡು ಕಟ್ಟಿ ಗದ್ದೆ ಮಾಡಿಕೊಂಡ ಜಾಣತನ ಅದು. ಭರತ ಏರಿದಾಗ ಹೊರಗಿನ ನೀರೇ ಬಾಗಿಲನ್ನು ಒತ್ತಿ ಮುಚ್ಚುತ್ತದೆ. ಇಳಿತದಲ್ಲಿ ಒಳಗಿನ ಮಳೆನೀರು ಅದನ್ನು ತಳ್ಳಿಕೊಂಡು ಹೊರಗೆ ಹೋಗುತ್ತದೆ. ಮೋಟಾರು ಬೇಡ, ಕರೆಂಟು ಬೇಡ. ಮಳೆಗಾಲದಲ್ಲಿ ಭತ್ತ. ಕೊಯ್ಲಾದ ಮೇಲೆ ಬಾಗಿಲು ತೆಗೆದು ಉಪ್ಪುನೀರು ಬಿಟ್ಟರೆ ಅದರ ಜೊತೆ ಸಿಗಡಿ, ಮೀನು. ಇಲ್ಲಿನ ಉಪ್ಪು ತಾಳುವ ಭತ್ತದ ಹೆಸರು ಕೊರ್ಗುಟ್. ನಮ್ಮ ಮಾಣಿಕಟ್ಟಾ ಕಡೆ ಬೆಳೆಯುವ ಕಗ್ಗದ ಸಂಬಂಧಿ ಅನ್ನಬಹುದು ಅದನ್ನು, ಗುಣ ಹಾಗೇ ಇದೆ.

ಗೋವಾದಲ್ಲಿ ಈ ಒಡ್ಡು, ಬಾಗಿಲುಗಳನ್ನು ಗಾಂವಕಾರರ, ಅಂದರೆ ಊರಿನ ಮೂಲ ಮನೆತನದವರ ಕೂಟ ನೋಡಿಕೊಳ್ಳುತ್ತಿತ್ತು. ಪೋರ್ಚುಗೀಸರು ಬರುವ ಮೊದಲಿನಿಂದಲೂ ಇದ್ದ ಪದ್ಧತಿ ಅದು. ಅವರು ಅದನ್ನು ಒಡೆಯಲು ಹೋಗಲಿಲ್ಲ, ಕೊಮುನಿದಾದೆ ಅಂತ ಕರೆದು ಕಂದಾಯ ವಸೂಲಿಗೆ ಬಳಸಿಕೊಂಡರು. ಒಬ್ಬ ರೈತ ಒಡ್ಡು ಬಿಟ್ಟರೆ ಇಡೀ ಊರಿನ ಗದ್ದೆಗೆ ಉಪ್ಪು ನುಗ್ಗುತ್ತದೆ. ಹಾಗಾಗಿ ಊರು ಒಟ್ಟಾಗಿ ಇರಲೇಬೇಕಿತ್ತು. ಈಗ ಎಷ್ಟೋ ಕಡೆ ಒಡ್ಡು ಒಡೆದು ಗದ್ದೆ ಇದ್ದಲ್ಲಿ ಕಾಂಡ್ಲಾ ಬೆಳೆದಿದೆ. ನಮ್ಮಲ್ಲೂ ಹೀಗೇ ಆಗಿದೆ. ಇದನ್ನು ನೋಡಿದಾಗ ಸಂಕಟವಾಗುತ್ತದೆ. ಚರ್ಚು, ಕೋಟೆಗಳಿಗೆ ಸಿಗುವ ಕಾಳಜಿಯಲ್ಲಿ ಕಾಲು ಭಾಗ ಈ ಒಡ್ಡುಗಳಿಗೆ ಸಿಗಬೇಕಿತ್ತು. ಗೋವಾದ ನೆಲವನ್ನು ಮಾಡಿದ್ದೇ ಇವು, ಅಲ್ವಾ?

ಮೂರನೆಯದು ಹಳೆ ಗೋವಾದಿಂದ ದಿವಾರಿಗೆ. ಈ ಫೆರ್ರಿಗೆ ನಡೆದುಕೊಂಡು ಹೋಗಬೇಕು, ಅದಕ್ಕೊಂದು ಕಾರಣ ಇದೆ. ಸೇ ಕೆಥೆಡ್ರಲ್ ಕಡೆಯಿಂದ ನದಿಗೆ ಇಳಿಯುವ ರಸ್ತೆ ವೈಸರಾಯ್ ಕಮಾನಿನ ಕೆಳಗೇ ಹೋಗುತ್ತದೆ. 16ನೇ ಶತಮಾನದ ಕೊನೆಗೆ ವಾಸ್ಕೋ ಡ ಗಾಮನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ ಇಲ್ಲಿ ವೈಸರಾಯ್ ಆಗಿದ್ದಾಗ ಕಟ್ಟಿಸಿದ್ದು. ನದಿಯ ಕಡೆಗೆ ಮುತ್ತಜ್ಜನ ಮೂರ್ತಿ ಇಟ್ಟ. ಈಗ ನಿಂತಿರುವುದು 1954ರಲ್ಲಿ ಮತ್ತೆ ಕಟ್ಟಿದ ಕಮಾನು. ಲಿಸ್ಬನ್ನಿನಿಂದ ಬಂದ ಪ್ರತಿ ಹೊಸ ವೈಸರಾಯ್ ನದಿಯಲ್ಲಿ ಬಂದು ಈ ಕಮಾನಿನ ಮೂಲಕ ಊರಿಗೆ ಕಾಲಿಡುತ್ತಿದ್ದ. ಅಂದರೆ ಊರಿನ ಮುಂಬಾಗಿಲು ಇರುವುದು ನದಿಗೆ. ನಾವೆಲ್ಲ ಹೆದ್ದಾರಿಯಿಂದ ಬಂದು ಹಿಂಬಾಗಿಲಿನಿಂದ ನೋಡುತ್ತೇವೆ. ಫೆರ್ರಿಯಲ್ಲಿ ದಿವಾರ್ ಕಡೆಯಿಂದ ವಾಪಸ್ ಬರುವಾಗ ಮಾತ್ರ ಊರು ತನ್ನ ಸರಿಯಾದ ಮುಖ ತೋರಿಸುತ್ತದೆ.

ಹಳೆ ಗೋವಾದ ಚರ್ಚುಗಳ ಬಗ್ಗೆ ಎಲ್ಲರೂ ಬರೆದಿದ್ದಾರೆ, ನಾನು ಉದ್ದ ಮಾಡುವುದಿಲ್ಲ. ಬೊಂ ಜೀಸಸ್ ಬೆಸಿಲಿಕಾ ಶುರುವಾದದ್ದು 1594ರಲ್ಲಿ, ಪ್ರತಿಷ್ಠೆ 1605ರಲ್ಲಿ. ಸೇಂಟ್ ಫ್ರಾನ್ಸಿಸ್ ಜೇವಿಯರ್ ಅವರ ಶರೀರ ಇರುವುದು ಅಲ್ಲಿ. ಸೇ ಕೆಥೆಡ್ರಲ್ ಸೇಂಟ್ ಕ್ಯಾಥರಿನ್ ಹೆಸರಿನಲ್ಲಿದೆ, ಯಾಕೆಂದರೆ ಆಲ್ಬುಕರ್ಕ ಊರು ಗೆದ್ದ ನವೆಂಬರ್ 25 ಆ ಸಂತಳ ದಿನ. ಎರಡು ಗಂಟೆ ಗೋಪುರಗಳಲ್ಲಿ ಒಂದು 1776ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. ಕಮಾನಿನಿಂದ ಸ್ವಲ್ಪ ದೂರ, ಸೇಂಟ್ ಕ್ಯಾಜೆಟನ್ ಚರ್ಚಿನ ಹತ್ತಿರ ಕರಿಕಲ್ಲಿನ ಒಂದು ಬಾಗಿಲು ಚೌಕಟ್ಟು ಒಂಟಿಯಾಗಿ ನಿಂತಿದೆ. ಹಳೆ ಗೋವಾದಲ್ಲಿದ್ದ ಆದಿಲ್ ಶಾಹನ ಅರಮನೆಯಲ್ಲಿ ಉಳಿದದ್ದು ಅಷ್ಟೇ. ಅದರ ಕೆತ್ತನೆ ನಮ್ಮ ಗುಡಿಗಳ ಕಂಬದ ಕೆತ್ತನೆಯ ಥರವೇ ಇದೆ. ಪ್ರವಾಸಿ ಬಸ್ಸುಗಳು ಇಲ್ಲಿ ನಿಲ್ಲುವುದಿಲ್ಲ. ನೀವು ನಿಲ್ಲಿ.

ಇಷ್ಟು ದೊಡ್ಡ ಊರು ಯಾಕೆ ಖಾಲಿಯಾಯಿತು ಅಂತ ಮಕ್ಕಳು ಕೇಳುತ್ತಾರೆ. ಕಾಲರಾ, ಮಲೇರಿಯಾ ಮತ್ತೆ ಮತ್ತೆ ಬಂದು ಜನರನ್ನು ತಿಂದವು. ಬಾವಿ, ಚರಂಡಿ ಎರಡೂ ಹತ್ತಿರ ಹತ್ತಿರ ಇದ್ದ ಕಿಕ್ಕಿರಿದ ಊರು. ಜೊತೆಗೆ ಡಚ್ಚರು ಬಂದು ವ್ಯಾಪಾರ ಕಿತ್ತುಕೊಂಡರು. 1759ರಲ್ಲಿ ವೈಸರಾಯ್ ಪಣಜಿಗೆ ಮನೆ ಬದಲಿಸಿದ. 1843ರಲ್ಲಿ ಅಧಿಕೃತವಾಗಿ ಪಣಜಿಯೇ ರಾಜಧಾನಿ ಆಯಿತು.

ದಿವಾರಿನಲ್ಲಿ ಇಳಿದರೆ ಒಂದು ಉದ್ದನೆಯ ರಸ್ತೆ ಗದ್ದೆಗಳ ನಡುವೆ ಪಿಯೆದಾದೆ ಊರಿಗೆ ಹೋಗುತ್ತದೆ. ಕೊಂಕಣ ರೈಲು ಈ ದ್ವೀಪದ ಮೇಲೇ ಹಾದುಹೋಗುತ್ತದೆ, ಆದರೆ ಇಲ್ಲಿ ನಿಲ್ದಾಣವಿಲ್ಲ. ಕುಮಟಾದಿಂದ ಮುಂಬೈ ಕಡೆಗೆ ಹೋದವರೆಲ್ಲ ದಿವಾರ್ ದಾಟಿದ್ದಾರೆ, ಹೆಚ್ಚಿನವರಿಗೆ ಅದು ಗೊತ್ತಿಲ್ಲ. ಗುಡ್ಡದ ಮೇಲೆ ಚರ್ಚು ಇದೆ. ಅಲ್ಲಿಂದ ಹಳೆ ಗೋವಾದ ಗೋಪುರಗಳು, ನದಿ, ಕಾಂಡ್ಲಾ ಎಲ್ಲ ಒಟ್ಟಿಗೇ ಕಾಣುತ್ತವೆ. ಪಕ್ಕದ ಸ್ಮಶಾನದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಕದಂಬರ ಕಾಲದ ಗುಡಿಯ ಕಲ್ಲುಗಳು ಉಳಿದಿವೆ.

ನನಗೆ ಇಡೀ ಪ್ರವಾಸದಲ್ಲಿ ಮುಖ್ಯವಾದದ್ದು ನಾಲ್ಕನೇ ಫೆರ್ರಿ. ದಿವಾರಿನ ಉತ್ತರ ತುದಿಯಿಂದ ಡಿಚೋಲಿ ತಾಲೂಕಿನ ನಾರ್ವೆಗೆ. ಜನ ಕಡಿಮೆ, ನೀರಿನ ಅಗಲವೂ ಕಡಿಮೆ. ಬಿಟ್ಟ ಸ್ವಲ್ಪ ಹೊತ್ತಿಗೇ ಆಚೆ ದಡ. ಆದರೆ ಈ ಸಣ್ಣ ದಾಟು ಎಷ್ಟೋ ಕಾಲ ಎರಡು ರಾಜ್ಯಗಳ ಗಡಿಯಾಗಿತ್ತು. ಈಚೆ ದಡ ಪೋರ್ಚುಗೀಸರದ್ದು, ಆಚೆ ದಡ ಅವರದ್ದಲ್ಲ.

ಗೋವಾ ಕದಂಬರ ಕುಲದೈವ ಸಪ್ತಕೋಟೇಶ್ವರ. ಆ ಗುಡಿ ಇದ್ದದ್ದು ದಿವಾರ್ ದ್ವೀಪದಲ್ಲಿ. ತಮ್ಮ ಬಿರುದುಗಳಲ್ಲಿ, ನಾಣ್ಯಗಳಲ್ಲಿ ಅವರು ಸಪ್ತಕೋಟೇಶ್ವರನ ವರ ಪಡೆದವರು ಅಂತ ಹೇಳಿಕೊಳ್ಳುತ್ತಿದ್ದರು. ಈ ಕದಂಬರು ಮೊದಲು ಚಂದ್ರಪುರದಲ್ಲಿ, ಅಂದರೆ ಈಗಿನ ಚಾಂದೋರಿನಲ್ಲಿ ಇದ್ದು, 11ನೇ ಶತಮಾನದಲ್ಲಿ ಜುವಾರಿ ದಡದ ಗೋಪಕಪಟ್ಟಣಕ್ಕೆ ಬಂದರು. ಘಟ್ಟದ ಮೇಲೆ ಅವರ ಇನ್ನೊಂದು ರಾಜಧಾನಿ ಹಲಸಿ. ಮಹದಾಯಿ ಹುಟ್ಟುವ ಅದೇ ಖಾನಾಪುರ ತಾಲೂಕಿನಲ್ಲಿ. ಮೇಲೆ ಹಲಸಿ, ಕೆಳಗೆ ಬಂದರು, ನಡುವೆ ಘಟ್ಟದ ದಾರಿ. ಒಂದೇ ರಾಜ್ಯ. ಅವರ ಶಾಸನಗಳಲ್ಲಿ ಕನ್ನಡವೂ ಇದೆ. ಕಿತ್ತೂರಿನ ಹತ್ತಿರದ ದೇಗಾಂವಿಯ ಕಮಲನಾರಾಯಣ ಗುಡಿ ಕಟ್ಟಿಸಿದ ಕಮಲಾದೇವಿ ಈ ಮನೆತನದ ರಾಣಿಯೇ. ಗೋವಾದ ಬಸ್ಸಿನ ಮೇಲಿನ ಹೆಸರು ಈ ಮನೆತನದ್ದು.

ಗುಡಿಯ ಪಾಡು ನೋಡಿ. 14ನೇ ಶತಮಾನದಲ್ಲಿ ಬಹಮನಿ ಸೈನ್ಯ ಕೆಡವಿತು. ಅದೇ ಶತಮಾನದ ಕೊನೆಗೆ ವಿಜಯನಗರದ ಮಾಧವ ಮಂತ್ರಿ ಮತ್ತೆ ಕಟ್ಟಿಸಿದ. 16ನೇ ಶತಮಾನದಲ್ಲಿ ಪೋರ್ಚುಗೀಸರು ಕೆಡವಿದರು. ಲಿಂಗವನ್ನು ಬಾವಿಯಲ್ಲಿ ನೀರು ಸೇದುವ ಕಡೆ ಬಳಸಿದ್ದರಂತೆ. ಜನ ಅದನ್ನು ಗುಟ್ಟಾಗಿ ಎತ್ತಿಕೊಂಡು ನದಿ ದಾಟಿಸಿ ನಾರ್ವೆಗೆ ತಂದರು ಅಂತ ಹೇಳುತ್ತಾರೆ. ಅಲ್ಲಿ ಶಿವಾಜಿ ಮಹಾರಾಜರು 1668ರಲ್ಲಿ ಗುಡಿ ಕಟ್ಟಿಸಲು ಆಜ್ಞೆ ಮಾಡಿದರು. ಫೆರ್ರಿ ಇಳಿದು ರಸ್ತೆ ಹಿಡಿದು ಹೋದರೆ ಆ ಗುಡಿ ಸಿಗುತ್ತದೆ. ಇತ್ತೀಚೆಗೆ ಸರಿಪಡಿಸಿ 2023ರಲ್ಲಿ ಮತ್ತೆ ತೆರೆದರು. ದೊಡ್ಡದಲ್ಲ, ಸದ್ದುಗದ್ದಲವಿಲ್ಲ. ಎದುರಿಗೆ ದೀಪಮಾಲೆ ಕಂಬ, ಸುತ್ತ ಅಡಕೆ ತೋಟ.

ಹೀಗೆ ನದಿ ದಾಟಿ ಬದುಕಿದ ದೇವರು ಸಪ್ತಕೋಟೇಶ್ವರ ಒಬ್ಬನೇ ಅಲ್ಲ. ಮಂಗೇಶಿ, ಶಾಂತಾದುರ್ಗಾ, ಮಹಾಲಸಾ ಎಲ್ಲರೂ ಪೋರ್ಚುಗೀಸರ ನೆಲದಿಂದ ಫೋಂಡಾ ಕಡೆಗೆ ಹೋದರು. ನಮ್ಮ ಕುಮಟಾದ ಎಷ್ಟೋ ಕೊಂಕಣಿ ಮನೆಗಳ ಕುಲದೇವರು ಅಲ್ಲಿದ್ದಾರೆ. ಫೋಂಡಾ ಪ್ರಾಂತ್ಯ ಮುಂದೆ ಶಿರಸಿ ಹತ್ತಿರದ ಸೋಂದೆ ಅರಸರ ಕೈಗೂ ಬಂದಿತ್ತು. 1760ರ ದಶಕದಲ್ಲಿ ಹೈದರಾಲಿ ಸೋಂದೆಯ ಮೇಲೆ ಬಿದ್ದಾಗ ಅಲ್ಲಿನ ಅರಸರು ಗೋವಾಕ್ಕೆ ಹೋಗಿ ನೆಲೆಸಿದರು. ಆ ನೆಲ ಪೋರ್ಚುಗೀಸರಿಗೆ ಸೇರಿತು. ಡಿಚೋಲಿಯೂ ಅದೇ ಶತಮಾನದ ಕೊನೆಗೆ ಸಾವಂತವಾಡಿಯ ಭೋಸಲೆಗಳಿಂದ ಅವರ ಕೈಸೇರಿತು. ಅಷ್ಟು ಹೊತ್ತಿಗೆ ಗುಡಿ ಕೆಡಹುವ ಕಾಲ ಮುಗಿದಿತ್ತು. ಅದಕ್ಕೇ ಮೊದಲೇ ಪೋರ್ಚುಗೀಸರ ಕೈಸೇರಿದ್ದ ತಿಸವಾಡಿ, ಬಾರ್ದೇಸ್, ಸಾಷ್ಟಿಯಲ್ಲಿ ಹಳೆ ಚರ್ಚುಗಳು ಜಾಸ್ತಿ, ಫೋಂಡಾ, ಡಿಚೋಲಿಯಲ್ಲಿ ಹಳೆ ಗುಡಿಗಳು ಜಾಸ್ತಿ. 1961ರ ಡಿಸೆಂಬರ್ 19ಕ್ಕೆ ಪೋರ್ಚುಗೀಸರ ಆಳ್ವಿಕೆ ಮುಗಿದು, 1987ರ ಮೇ 30ಕ್ಕೆ ಗೋವಾ ರಾಜ್ಯವಾದ ಮೇಲೂ ಆ ಹಳೆ ಗಡಿ ಕಣ್ಣಿಗೆ ಕಾಣುತ್ತದೆ. ನಾರ್ವೆ ಫೆರ್ರಿಯಲ್ಲಿ ನಿಂತಾಗ ಅಕ್ಕನ ಮಗನಿಗೆ ಇದನ್ನೆಲ್ಲ ಹೇಳಿದೆ. ‘ಚಿಕ್ಕಮ್ಮ, ಇಷ್ಟು ವರ್ಷ ಇಲ್ಲಿದ್ದೂ ನಂಗೆ ಯಾರೂ ಇದನ್ನು ಹೇಳಿರ್ಲಿಲ್ಲ’ ಅಂದ. ಯಾರಾದರೂ ಹೇಳಬೇಕು. ದಡದಲ್ಲಿ ಒಂದು ಬೋರ್ಡು ಇದ್ದರೂ ಸಾಕಿತ್ತು.

ನನ್ನ ದೊಡ್ಡ ಆಕ್ಷೇಪ ಇದೇ. ಹತ್ತುವ ಜಾಗಗಳಲ್ಲಿ ಮಾಹಿತಿ ಸಾಲದು. ಇತಿಹಾಸದ್ದು ಬಿಡಿ, ರಾತ್ರಿ ಕೊನೆಯ ದೋಣಿ ಎಷ್ಟು ಹೊತ್ತಿಗೆ ಅನ್ನುವುದನ್ನು ಎಲ್ಲರಿಗೂ ಕಾಣುವ ಹಾಗೆ ಬರೆದಿಡಬೇಕು. ಕೆಲವು ಕಡೆ ನೆರಳೂ ಕಡಿಮೆ. ಏಪ್ರಿಲ್, ಮೇ ಬಿಸಿಲಿನಲ್ಲಿ ವಯಸ್ಸಾದವರಿಗೆ ಕಷ್ಟ. ಇಳಿತದಲ್ಲಿ ಇಳಿಜಾರಿನ ಕೆಳಭಾಗ ಪಾಚಿಗಟ್ಟಿ ಜಾರುತ್ತದೆ, ಹಿಡಿಯಲು ಏನೂ ಇರುವುದಿಲ್ಲ. ಗಾಲಿಕುರ್ಚಿಯವರಿಗೆ ಯಾರಾದರೂ ಕೈಹಾಕಲೇಬೇಕು. ಕೈಹಾಕುತ್ತಾರೆ ಅನ್ನುವುದೂ ನಿಜ, ದೋಣಿಯ ಸಿಬ್ಬಂದಿಯೇ ಓಡಿ ಬರುವುದನ್ನು ಕಂಡಿದ್ದೇನೆ.

ಇನ್ನೊಂದು ವಿಷಯ ಸೇತುವೆಯದ್ದು. ದ್ವೀಪಗಳಿಗೆ ಸೇತುವೆ ಬೇಕು, ಬೇಡ ಅನ್ನುವ ಚರ್ಚೆ ಅಲ್ಲಿ ಹಳೆಯದು. ರಾತ್ರಿ ಹೊತ್ತಲ್ಲದ ಹೊತ್ತಿನಲ್ಲಿ ಹೆರಿಗೆ ನೋವು ಬಂದರೆ ಫೆರ್ರಿ ಕಾಯುವ ಕಷ್ಟ ಏನು ಅಂತ ನದಿ ದಂಡೆಯವಳಾಗಿ ನನಗೆ ಗೊತ್ತು. ಹಾಗಾಗಿ ಸೇತುವೆ ಬೇಡ ಅಂತ ಹೊರಗಿನಿಂದ ಬಂದ ನಾವು ಹೇಳಬಾರದು. ಸೇತುವೆ ಬಂದರೂ ಫೆರ್ರಿ ನಿಲ್ಲಿಸಬೇಡಿ ಅಂತ ಮಾತ್ರ ಕೇಳುತ್ತೇನೆ. ಬೆತಿಯಲ್ಲಿ ಎರಡೂ ಜೊತೆಗೇ ನಡೆಯುತ್ತಿಲ್ಲವಾ?

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಹೋಗುವವರು ಒಂದು ಪೂರ್ತಿ ದಿನ ಇಟ್ಟುಕೊಳ್ಳಿ. ಬೆಳಗ್ಗೆ ಬೆತಿಗೆ ಹೋಗಿ ಬಂದು, ಬಸ್ಸಿನಲ್ಲಿ ರಿಬಂದರ್, ಚೊಡಣ ನೋಡಿ. ಊಟದ ಹೊತ್ತಿಗೆ ಹಳೆ ಗೋವಾ. ಬಿಸಿಲು ಇಳಿದ ಮೇಲೆ ದಿವಾರ್ ಮತ್ತು ನಾರ್ವೆ. ಸ್ಕೂಟರ್ ಬಾಡಿಗೆಗೆ ಸಿಕ್ಕರೆ ಒಳ್ಳೆಯದು, ದಿವಾರಿನ ಒಳಗೆ ನಡೆಯುವ ದೂರ ಜಾಸ್ತಿ. ಕಾರು ಬೇಡ, ಊರಿನವರ ಗಾಡಿಗೆ ಜಾಗ ಉಳಿಯಲಿ. ನೀರು, ಛತ್ರಿ ಜೊತೆಗಿರಲಿ. ಶಾಲೆಯ ಪ್ರವಾಸ ಕರೆದೊಯ್ಯುವ ಮೇಷ್ಟ್ರು, ಟೀಚರುಗಳು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ಮಕ್ಕಳನ್ನು ನಾರ್ವೆ ತನಕ ಕರೆದುಕೊಂಡು ಹೋಗಿ. ಬಸ್ಸನ್ನು ಸುತ್ತು ದಾರಿಯಲ್ಲಿ ಡಿಚೋಲಿ ಕಡೆಯಿಂದ ಆ ದಡಕ್ಕೆ ಕಳಿಸಿ, ಮಕ್ಕಳು ಫೆರ್ರಿಯಲ್ಲಿ ದಾಟಲಿ.